ಅಲ್ಪಕಾಲದ ಅರಸರ ನಾಣ್ಯಗಳು: ಹಾನಗಲ್ಲು–ಬಂಕಾಪುರ ಸೀಮೆ

ಒಂದು ವರ್ಷ, ಆರು ತಿಂಗಳು, ಕೆಲವೊಮ್ಮೆ ಒಂದೆರಡು ತಿಂಗಳು ಮಾತ್ರ ಗದ್ದುಗೆಯ ಮೇಲಿದ್ದು ಮರೆಯಾದ ಮಧ್ಯಯುಗದ ಅರಸರ ನಾಣ್ಯಗಳನ್ನು ಗುರುತಿಸುವುದು ನಾಣ್ಯಶಾಸ್ತ್ರದ ಕಷ್ಟದ ಕೆಲಸಗಳಲ್ಲಿ ಒಂದು. ಆಳ್ವಿಕೆ ಚಿಕ್ಕದಾದರೆ ಟಂಕಿಸಿದ ಹೊನ್ನೂ ಕಡಿಮೆ, ಹಾಗಾಗಿ ಅದು ವಿರಳ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಇತಿಹಾಸವನ್ನು ಮುಂದಿಟ್ಟುಕೊಂಡರೆ ಈ ತಿಳಿವಳಿಕೆ ಅರ್ಧ ಮಾತ್ರ ನಿಜ ಎಂದು ಗೊತ್ತಾಗುತ್ತದೆ. ಈ ಸೀಮೆಯನ್ನು ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ಹಾನಗಲ್ಲಿನ ಕದಂಬರು, ಹೊಯ್ಸಳರು, ಸೇವುಣರು, ವಿಜಯನಗರದವರು, ಬಹಮನಿಗಳು, ಆದಿಲಶಾಹಿಗಳು ಒಬ್ಬರ ಹಿಂದೆ ಒಬ್ಬರಂತೆ, ಕೆಲವೊಮ್ಮೆ ಒಬ್ಬರ ಮೇಲೊಬ್ಬರಂತೆ ಆಳಿದರು. ಅವರಲ್ಲಿ ಕೆಲವರು ನಾಣ್ಯದ ಮೇಲೆ ತಮ್ಮ ಹೆಸರು ಬರೆಸಿದರು, ಕೆಲವರು ಬಿರುದು ಬರೆಸಿದರು, ಕೆಲವರು ಲಾಂಛನವನ್ನಷ್ಟೇ ಒತ್ತಿಸಿದರು. ಅರಸ ಎಷ್ಟು ದಿನ ಆಳಿದ ಎಂಬುದಕ್ಕಿಂತ ಅವನ ಟಂಕಸಾಲೆ ಏನನ್ನು ಬರೆಯಿತು ಎಂಬುದೇ ಅವನ ನಾಣ್ಯ ಇಂದು ನಮಗೆ ಗುರುತು ಸಿಗುವುದೋ ಇಲ್ಲವೋ ಎಂಬುದನ್ನು ಹೆಚ್ಚಾಗಿ ನಿರ್ಧರಿಸಿದೆ.

ಹೊನ್ನು ಹುಟ್ಟುತ್ತಿದ್ದ ಬಗೆ

ಮೊದಲು ನಾಣ್ಯವನ್ನೇ ಹತ್ತಿರದಿಂದ ನೋಡಬೇಕು. ಕಲ್ಯಾಣದ ಚಾಲುಕ್ಯರ, ಹಾನಗಲ್ಲಿನ ಕದಂಬರ, ದೇವಗಿರಿಯ ಸೇವುಣರ ಚಿನ್ನದ ಗದ್ಯಾಣಗಳಲ್ಲಿ ಬಹುಪಾಲು ಎರಡು ಅಚ್ಚುಗಳ ನಡುವೆ ಒತ್ತಿದವಲ್ಲ. ತೆಳ್ಳಗೆ ಬಡಿದ ಚಿನ್ನದ ಬಿಲ್ಲೆಯನ್ನು ಅಡಿಗಲ್ಲಿನ ಮೇಲಿಟ್ಟು ಒಂದೊಂದೇ ಮುದ್ರೆಮೊಳೆಯಿಂದ ಒಂದೊಂದು ಗುರುತು ಹೊಡೆಯುತ್ತಿದ್ದರು. ನಡುವಿಗೆ ಲಾಂಛನ, ಸುತ್ತ ‘ಶ್ರೀ’ ಅಕ್ಷರ, ಈಟಿಯ ಮೊನೆಯಂಥ ಚಿಹ್ನೆ, ಅಂಚಿಗೆ ಹೆಸರಿನ ಮುದ್ರೆ. ಒಂದೇ ಮಗ್ಗುಲಿಗೆ ಬಿದ್ದ ಈ ಪೆಟ್ಟುಗಳಿಂದ ಬಿಲ್ಲೆ ಒಳಕ್ಕೆ ಬಾಗಿ ಪುಟ್ಟ ಬಟ್ಟಲಿನಂತೆ ಆಗುತ್ತದೆ. ಅಂಗೈಯಲ್ಲಿಟ್ಟುಕೊಂಡರೆ ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಹಿಂಬದಿ ಬೋಳು.

ಅಲ್ಪಕಾಲದ ಅರಸರ ಪ್ರಶ್ನೆಗೆ ಈ ತಯಾರಿಕೆಯೇ ದೊಡ್ಡ ಸುಳಿವು ಕೊಡುತ್ತದೆ. ಪ್ರತಿಯೊಂದು ಗುರುತಿಗೂ ಬೇರೆ ಮೊಳೆ ಇರುವಾಗ, ಹೊಸ ಅರಸ ಪಟ್ಟಕ್ಕೆ ಬಂದರೆ ಹೆಸರಿನ ಮೊಳೆಯೊಂದನ್ನು ಕೆತ್ತಿದರೆ ಸಾಕು; ಉಳಿದವು ಹಳೆಯವೇ ನಡೆಯುತ್ತವೆ. ಆ ಒಂದು ಮೊಳೆಯನ್ನು ಕೆತ್ತುವಷ್ಟರಲ್ಲಿ ಅರಸನೇ ಉರುಳಿದರೆ ಅವನ ಕಾಲದ ಹೊನ್ನೆಲ್ಲ ಹಿಂದಿನವನ ಹೆಸರಿನಲ್ಲೇ ಹೊರಬಿದ್ದಿರುತ್ತದೆ. ಹೆಸರಿನ ಮುದ್ರೆ ಬೀಳುವುದು ಅಂಚಿನಲ್ಲಿ. ಅಕ್ಕಸಾಲಿಗನ ಕೈ ಒಂದು ಕೂದಲೆಳೆ ಸರಿದರೂ ಅರ್ಧ ಹೆಸರು ಬಿಲ್ಲೆಯ ಹೊರಗೆ ಹೋಗುತ್ತದೆ. ಹೀಗೆ ‘ಜಗದೇ’ ಎಂಬಲ್ಲಿಗೇ ತುಂಡಾದ ಹೊನ್ನುಗಳನ್ನು ನೋಡಿದಾಗ, ಒಬ್ಬ ಅರಸನ ಗುರುತು ಎಷ್ಟು ಸಣ್ಣ ಸಂಗತಿಯ ಮೇಲೆ ನಿಂತಿದೆ ಎಂದು ಮನಸ್ಸಿಗೆ ತಟ್ಟುತ್ತದೆ.

ಈ ಭಾಗಕ್ಕೆ ಹೊನ್ನು ಬರುತ್ತಿದ್ದ ಟಂಕಸಾಲೆಗಳಲ್ಲಿ ಮುಖ್ಯವಾದದ್ದು ಗದಗಿನ ಹತ್ತಿರದ ಲಕ್ಕುಂಡಿ, ಅಂದಿನ ಲೊಕ್ಕಿಗುಂಡಿ. ಶಾಸನಗಳಲ್ಲಿ ‘ಲೊಕ್ಕಿ ಗದ್ಯಾಣ’ ಎಂಬ ಮಾತು ಬರುತ್ತದೆ. ದಾನದ ಲೆಕ್ಕ ಬರೆಯುವವರು ಅದನ್ನು ನಂಬಿಕೆಯ ನಾಣ್ಯವಾಗಿ ಎಣಿಸಿದ್ದಾರೆ. ಗದ್ಯಾಣದ ಕೆಳಗೆ ಪಣ, ಪಣದ ಕಾಲುಭಾಗ ಹಾಗ, ಅದರ ಕೆಳಗೆ ವೀಸ. ಗಮನಿಸಬೇಕಾದ ವಿಷಯವೆಂದರೆ ನಾಣ್ಯವನ್ನು ಊರಿನ ಹೆಸರಿನಿಂದ ಕರೆದಿದ್ದಾರೆ, ಅರಸನ ಹೆಸರಿನಿಂದ ಅಲ್ಲ. ಬಳಸುವ ಜನಕ್ಕೆ ಬೇಕಾಗಿದ್ದದ್ದು ಚಿನ್ನದ ಬಣ್ಣ, ತೂಕ, ಒರೆಗಲ್ಲಿನ ಗೆರೆ. ಗದ್ದುಗೆಯ ಮೇಲೆ ಯಾರಿದ್ದಾರೆ ಎಂಬುದು ವ್ಯಾಪಾರಕ್ಕೆ ಅಡ್ಡಿಯಾಗುತ್ತಿರಲಿಲ್ಲ.

ಬಿರುದಿನ ತೊಡಕು

ಕಲ್ಯಾಣದ ಚಾಲುಕ್ಯರು ನಾಣ್ಯದ ಮೇಲೆ ಬಿರುದನ್ನು ಹೆಚ್ಚಾಗಿ ಬಳಸಿದರು. ‘ಜಗದೇಕಮಲ್ಲ’ ಎಂಬುದು 1015ರಿಂದ 1042ರ ಸುಮಾರಿನವರೆಗೆ ಆಳಿದ ಎರಡನೆಯ ಜಯಸಿಂಹನ ಬಿರುದು. ಅದೇ ಬಿರುದು 1138ರಲ್ಲಿ ಪಟ್ಟಕ್ಕೆ ಬಂದ ಇನ್ನೊಬ್ಬ ಚಾಲುಕ್ಯನಿಗೂ ಇತ್ತು. ಕಳಚುರಿಗಳು ಕಲ್ಯಾಣವನ್ನು ಕಿತ್ತುಕೊಂಡ ಮೇಲೆ ಹೆಸರಿಗಷ್ಟೇ ಅರಸನಾಗಿದ್ದ ಮೂರನೆಯವನೊಬ್ಬನಿಗೂ ಇತ್ತು. ‘ತ್ರೈಲೋಕ್ಯಮಲ್ಲ’ ಒಂದನೆಯ ಸೋಮೇಶ್ವರನದೂ ಹೌದು, ಮೂರನೆಯ ತೈಲಪನದೂ ಹೌದು. ‘ತ್ರಿಭುವನಮಲ್ಲ’ ಎಂಬುದನ್ನು ಐದನೆಯ ವಿಕ್ರಮಾದಿತ್ಯ, ಐವತ್ತು ವರ್ಷ ಆಳಿದ ಆರನೆಯ ವಿಕ್ರಮಾದಿತ್ಯ, ಚಾಲುಕ್ಯ ವಂಶದ ಕೊನೆಯ ದೊರೆ ನಾಲ್ಕನೆಯ ಸೋಮೇಶ್ವರ, ಇವರೆಲ್ಲ ಹೊತ್ತರು. ಅವರ ರಾಜ್ಯ ಕಸಿದ ಕಳಚುರಿ ಬಿಜ್ಜಳ ಕೂಡ ಆ ಬಿರುದನ್ನು ಬಿಡಲಿಲ್ಲ.

ಇಂಥ ಬಿರುದಿರುವ ಹೊನ್ನು ಕೈಗೆ ಬಂದಾಗ ಅದನ್ನು ದೀರ್ಘಕಾಲ ಆಳಿದ, ಹೆಸರಾದ ಅರಸನಿಗೆ ಕೊಟ್ಟುಬಿಡುವುದು ವಾಡಿಕೆ. ಲೆಕ್ಕದ ದೃಷ್ಟಿಯಿಂದ ಅದು ಒಪ್ಪತಕ್ಕದ್ದೇ: ಐವತ್ತು ವರ್ಷದ ಟಂಕಸಾಲೆ ಐದು ವರ್ಷದ್ದಕ್ಕಿಂತ ಹೆಚ್ಚು ಹೊನ್ನು ಹೊಡೆದಿರುತ್ತದೆ. ಆದರೆ ಹೀಗೆ ಮಾಡುತ್ತ ಹೋದರೆ ಅಲ್ಪಕಾಲದವನ ಹೊನ್ನು ಸಿಕ್ಕರೂ ಅದು ದೊಡ್ಡವನ ಪೆಟ್ಟಿಗೆಯಲ್ಲೇ ಬೀಳುತ್ತದೆ. ಅವನ ನಾಣ್ಯ ವಿರಳವೆಂಬ ನಂಬಿಕೆ ತನ್ನಿಂದ ತಾನೇ ಗಟ್ಟಿಯಾಗುತ್ತದೆ. ಇದಕ್ಕೆ ವಿರುದ್ಧವಾಗಿ, 1068ರಿಂದ 1076ರವರೆಗೆ ಎಂಟೇ ವರ್ಷ ಆಳಿ ತಮ್ಮನಿಂದಲೇ ಪದಚ್ಯುತನಾದ ಎರಡನೆಯ ಸೋಮೇಶ್ವರನ ‘ಭುವನೈಕಮಲ್ಲ’ ಬಿರುದು ಆ ವಂಶದಲ್ಲಿ ಅವನೊಬ್ಬನದೇ. ಮೂರನೆಯ ಸೋಮೇಶ್ವರನ ‘ಭೂಲೋಕಮಲ್ಲ’ವೂ ಹಾಗೆಯೇ. ಆ ಅಕ್ಷರಗಳು ಸ್ಪಷ್ಟವಾಗಿ ಬಿದ್ದ ಹೊನ್ನನ್ನು ಗುರುತಿಸಲು ಪಂಡಿತರು ಜಗಳವಾಡಬೇಕಾಗಿಲ್ಲ.

ಬೇರೆ ದೇಶಗಳಲ್ಲೂ ಈ ತೊಡಕು ಹೀಗೆಯೇ ಇದೆ. ಇಂಗ್ಲೆಂಡಿನ ಐದನೆಯ ಎಡ್ವರ್ಡ್ 1483ರಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಮಾತ್ರ ಅರಸ. ಅವನ ತಂದೆಯ ಹೆಸರೂ ಎಡ್ವರ್ಡ್. ನಾಣ್ಯದ ಮೇಲೆ ಸಂಖ್ಯೆ ಇಲ್ಲ. ಹಾಗಾಗಿ ಅರ್ಧ ಸೂರ್ಯ, ಅರ್ಧ ಗುಲಾಬಿ ಕೂಡಿದ ಒಂದು ಸಣ್ಣ ಟಂಕಸಾಲೆಯ ಗುರುತಿನ ಮೇಲೆ ವಾದವಿವಾದಗಳೆಲ್ಲ ನಡೆದಿವೆ. ನಮ್ಮ ಜಗದೇಕಮಲ್ಲರ ಗೊಂದಲಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಕಳಚುರಿಗಳ ಇಪ್ಪತ್ತು ವರ್ಷ

ಅಲ್ಪಕಾಲದ ಅರಸರೆಂದರೆ ಕನ್ನಡನಾಡಿನಲ್ಲಿ ಮೊದಲು ನೆನಪಾಗಬೇಕಾದವರು ಕಲ್ಯಾಣದ ಕಳಚುರಿಗಳು. 1162ರಲ್ಲಿ ಬಿಜ್ಜಳ ಸ್ವತಂತ್ರನೆನಿಸಿಕೊಂಡ. 1167–68ರ ಹೊತ್ತಿಗೆ ಅವನ ಕಾಲ ಮುಗಿಯಿತು. ಆಮೇಲೆ ಮಗ ಸೋವಿದೇವ, ಮಲ್ಲುಗಿ, ಸಂಕಮ, ಆಹವಮಲ್ಲ, ಸಿಂಘಣ. ಮಲ್ಲುಗಿಯ ಆಳ್ವಿಕೆ ತೀರ ಚಿಕ್ಕದು. 1184ರ ಹೊತ್ತಿಗೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ಕಲ್ಯಾಣವನ್ನು ಮತ್ತೆ ಪಡೆದ. ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ಕಾಲವೆಂದು ನಾವು ಎದೆಯಲ್ಲಿಟ್ಟುಕೊಂಡಿರುವ ಕಾಲವೇ ಇದು. ಆ ಶರಣರು ಕೈಯಲ್ಲಿ ಹಿಡಿದಿರಬಹುದಾದ ಹೊನ್ನು ಯಾವುದು ಎಂದು ಕೇಳಿದರೆ, ಖಚಿತವಾಗಿ ಕಳಚುರಿಗಳದೆಂದು ತೋರಿಸಬಹುದಾದ ನಾಣ್ಯ ಬೆರಳೆಣಿಕೆಯಷ್ಟು.

ಅವುಗಳಲ್ಲಿ ಹೆಚ್ಚು ಚರ್ಚೆಯಾದದ್ದು ‘ಮುರಾರಿ’ ಎಂದು ಓದಲಾದ ಅಕ್ಷರಗಳಿರುವ ಚಿನ್ನದ ನಾಣ್ಯ. ಸೋವಿದೇವನ ಬಿರುದು ‘ರಾಯಮುರಾರಿ’ ಎಂದು ಶಾಸನಗಳು ಹೇಳುತ್ತವೆ. ಆ ಆಧಾರದಿಂದ ಈ ಹೊನ್ನನ್ನು ಅವನದೆಂದು ಗುರುತಿಸಿದ್ದಾರೆ. ಬಿರುದು ಅಪರೂಪದ್ದಾದ್ದರಿಂದ ಗುರುತು ಬಲವಾಗಿ ಕಾಣುತ್ತದೆ. ಆದರೂ ಒಂದು ಮಾತು ಮನಸ್ಸಿನಲ್ಲಿರಬೇಕು: ಶಾಸನಗಳಲ್ಲಿ ಕಳಚುರಿಗಳ ಧ್ವಜ ಸುವರ್ಣವೃಷಭ. ಆ ವೃಷಭ ಹೊನ್ನಿನ ಮೇಲೆ ಎದ್ದು ಕಾಣಿಸಿದ್ದರೆ ಯಾರೂ ಬಿರುದನ್ನು ನೆಚ್ಚಿ ಕೂರಬೇಕಾಗಿರಲಿಲ್ಲ. ಆಹವಮಲ್ಲನ ವಿಷಯ ಇನ್ನೂ ತೊಡಕಿನದು. ಅದು ಇವನ ಹೆಸರು. ನೂರು ವರ್ಷ ಹಿಂದಿನ ಚಾಲುಕ್ಯ ಒಂದನೆಯ ಸೋಮೇಶ್ವರನಿಗೆ ಬಿರುದು. ಆ ನಾಲ್ಕೈದು ಅಕ್ಷರಗಳು ಮಾತ್ರ ಇರುವ ಹೊನ್ನೊಂದನ್ನು ಇಬ್ಬರಲ್ಲಿ ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಲಿಪಿಯ ತಿರುವು, ಚಿನ್ನದ ಬಣ್ಣ, ಜೊತೆಗೆ ಸಿಕ್ಕ ನಾಣ್ಯಗಳು ಇವಿಷ್ಟೇ ನೆರವು.

ನಾಣ್ಯ ಮೌನವಾಗಿರುವಲ್ಲಿ ಕಲ್ಲು ಮಾತಾಡುತ್ತದೆ. ಹಿರೇಕೆರೂರು ತಾಲೂಕಿನ ಅಬ್ಬಲೂರಿನ ಸೋಮೇಶ್ವರ ಗುಡಿಯ ಶಾಸನ ಈ ಕಾಲಕ್ಕೆ ದೊಡ್ಡ ಆಧಾರ. ಏಕಾಂತದ ರಾಮಯ್ಯ ತನ್ನ ತಲೆಯನ್ನೇ ಪಣವಾಗಿಟ್ಟು ಜೈನರೊಡನೆ ವಾದಿಸಿ ಗೆದ್ದ ಕಥೆ ಅದರಲ್ಲಿದೆ. ನಾಣ್ಯಶಾಸ್ತ್ರದವರಿಗೆ ಮುಖ್ಯವಾದದ್ದು ಕಥೆಯ ಹಿಂದಿನ ಅರಸರ ಸಾಲು. ಜಯಪತ್ರ ಬರೆದುಕೊಟ್ಟವನು ಬಿಜ್ಜಳ; ಆಮೇಲೆ ಅದೇ ಗುಡಿಗೆ ದಾನ ಕೊಟ್ಟವನು ಚಾಲುಕ್ಯ ನಾಲ್ಕನೆಯ ಸೋಮೇಶ್ವರ; ಅವನ ನಂತರ ಹಾನಗಲ್ಲಿನ ಕದಂಬ ಕಾಮದೇವ. ನಲವತ್ತು ವರ್ಷದೊಳಗೆ ಒಂದು ಗುಡಿಗೆ ಮೂರು ವಂಶದವರ ದಾನ! ಈ ಶಾಸನವನ್ನು ಓದಿ ಪ್ರಕಟಿಸಿದವರು ಜೆ. ಎಫ್. ಫ್ಲೀಟ್. ಅಬ್ಬಲೂರಿನ ಹೊಲದಲ್ಲಿ ಆ ಕಾಲದ ಹೊನ್ನೊಂದು ಸಿಕ್ಕಿದರೆ ಅದು ಈ ಮೂವರಲ್ಲಿ ಯಾರದೂ ಆಗಬಹುದು. ನೂರು ವರ್ಷ ಹಳೆಯದಾಗಿದ್ದು ಕೈಯಿಂದ ಕೈಗೆ ಸವೆದು ಬಂದ ಜಯಸಿಂಹನ ಹೊನ್ನೂ ಆಗಬಹುದು, ಏಕೆಂದರೆ ಒಳ್ಳೆಯ ಚಿನ್ನಕ್ಕೆ ವಯಸ್ಸಾಗುವುದಿಲ್ಲ.

ಹಾನಗಲ್ಲಿನ ಹನುಮಂತ

ಹಾನಗಲ್ಲು ಶಾಸನಗಳ ಪಾನುಂಗಲ್ಲು. ಪಾನುಂಗಲ್ಲು ಐನೂರರ ರಾಜಧಾನಿ. ಊರವರು ಇದನ್ನು ಮಹಾಭಾರತದ ವಿರಾಟನಗರವೆಂದೂ ಕರೆಯುತ್ತಾರೆ. ತಾರಕೇಶ್ವರ ಗುಡಿಯ ಒಳಛಾವಣಿಯ ಕಲ್ಲಿನ ತಾವರೆಯನ್ನು ಕಂಡವರು ಈ ಸಣ್ಣ ಮಾಂಡಲಿಕ ವಂಶದ ಸಿರಿಯನ್ನು ಅಲ್ಲಗಳೆಯಲಾರರು. ಇಲ್ಲಿಯ ಕದಂಬರು ತಮ್ಮನ್ನು ‘ಬನವಾಸೀಪುರವರಾಧೀಶ್ವರ’ರೆಂದು ಕರೆದುಕೊಂಡರು. ಅವರ ಲಾಂಛನ ಸಿಂಹ, ಧ್ವಜ ವಾನರ, ವಾದ್ಯ ಪೆರ್ಮಟ್ಟಿ, ಕುಲದೈವ ಜಯಂತಿಯ ಮಧುಕೇಶ್ವರ.

ಈ ವಾನರಧ್ವಜವೇ ಅವರ ನಾಣ್ಯಗಳನ್ನು ಗುರುತಿಸುವ ಕೀಲಿ. ತೋಯಿಮದೇವನ ಹೆಸರಿನ ಹೊನ್ನಿನಲ್ಲಿ ನಡುವೆ ಹನುಮಂತ, ಎರಡು ಬದಿಗೆ ಚಾಮರ, ಮೇಲೆ ಶಂಖ, ಕೆಳಗೆ ನಗಾರಿ. ನಾಲ್ಕು ಕಡೆಗೆ ಅರಸನ ಹೆಸರಿನ ಹಳಗನ್ನಡ ಅಕ್ಷರಗಳ ಮುದ್ರೆ. ಹಿಂಬದಿ ಖಾಲಿ. ಆ ನಗಾರಿ ನನಗೆ ಶಾಸನದ ಪೆರ್ಮಟ್ಟಿಯನ್ನೇ ನೆನಪಿಸುತ್ತದೆ. ಧ್ವಜವೂ ವಾದ್ಯವೂ ಒಂದೇ ಬಿಲ್ಲೆಯಲ್ಲಿ ಕೂಡಿದಂತಿದೆ. ಹೆಸರು, ಧ್ವಜ, ಲಿಪಿ ಮೂರೂ ಒಂದೇ ಕಡೆ ಕೈ ತೋರಿಸುವುದರಿಂದ ಇದನ್ನು ಹಾನಗಲ್ಲಿಗೆ ಕೊಡುವುದರಲ್ಲಿ ಅಂಜಿಕೆ ಬೇಡ.

ಆದರೆ ತೋಯಿಮದೇವ ಯಾರು ಎಂಬಲ್ಲಿ ಎರಡನೆಯ ಪ್ರಶ್ನೆ ಹುಟ್ಟುತ್ತದೆ. ಹಾನಗಲ್ಲಿನ ಕದಂಬರಲ್ಲಿ ತೈಲ, ತೈಲಪ, ತೈಲಮ, ತೋಯಿಮ ಎಂಬ ಹತ್ತಿರ ಹತ್ತಿರದ ರೂಪಗಳು ಮತ್ತೆ ಮತ್ತೆ ಬರುತ್ತವೆ; ಮಯೂರವರ್ಮ, ಕೀರ್ತಿವರ್ಮ ಎಂಬ ಹೆಸರುಗಳನ್ನು ಬನವಾಸಿಯ ಹಳೆಯ ನೆನಪಿಗಾಗಿ ಮರಳಿ ಮರಳಿ ಇಟ್ಟುಕೊಂಡಿದ್ದಾರೆ. ಅಣ್ಣ, ತಮ್ಮ, ಮಗ ಒಬ್ಬರ ಜೊತೆಗೊಬ್ಬರು ಆಳಿದ್ದುಂಟು. 1931ರಲ್ಲಿ ಪ್ರಕಟವಾದ ಜಾರ್ಜ್ ಮೊರಾಯಿಸ್ ಅವರ ‘ಕದಂಬ ಕುಲ’ ಗ್ರಂಥ ಈ ಸಾಲನ್ನು ಬಿಡಿಸಲು ಬಹಳ ಶ್ರಮಪಟ್ಟಿದೆ. ಒಂದೆರಡು ವರ್ಷ ಮಾತ್ರ ಶಾಸನಗಳಲ್ಲಿ ಕಾಣಿಸಿಕೊಂಡು ಮಾಯವಾಗುವ ಅರಸರು ಅದರ ವಂಶಾವಳಿಯಲ್ಲಿ ಇದ್ದಾರೆ. ಇಂಥವರು ಹೊನ್ನು ಹೊಡೆಸಿದ್ದರೂ ಅದು ಅಜ್ಜನ ಹೆಸರಿನ ಹೊನ್ನಿನೊಡನೆ ಬೆರೆತು ಹೋಗಿರಲೇಬೇಕು.

ಇನ್ನೊಂದು ಬಗೆಯ ಹನುಮಂತ ಹೊನ್ನಿದೆ. ಅದರಲ್ಲಿ ಹನುಮಂತನ ಕೆಳಗೆ ‘ನಕರ’ ಎಂಬ ಕನ್ನಡ ಅಕ್ಷರಗಳು, ಹಿಂಬದಿಗೆ ಬಳ್ಳಿಯ ಸುರುಳಿ. ನಕರವೆಂದರೆ ಶಾಸನಗಳ ಭಾಷೆಯಲ್ಲಿ ಪಟ್ಟಣದ ವರ್ತಕರ ಕೂಟ. ಅರಸನ ಹೆಸರಿಲ್ಲದೆ ವರ್ತಕರ ಕೂಟದ ಹೆಸರಿರುವ ಹೊನ್ನನ್ನು ಯಾವ ಅರಸನ ಖಾತೆಗೆ ಬರೆಯಬೇಕು? ನನ್ನ ಮಟ್ಟಿಗೆ, ಅದನ್ನು ಒತ್ತಾಯದಿಂದ ಒಬ್ಬ ಅರಸನಿಗೆ ಕಟ್ಟುವುದು ತಪ್ಪು. ಅರಸರು ಬೇಗಬೇಗ ಬದಲಾಗುವ ಕಾಲದಲ್ಲಿ ಊರಿನ ವ್ಯಾಪಾರ ನಿಲ್ಲದಂತೆ ನೋಡಿಕೊಂಡವರು ನಕರದವರೇ. ಆ ಹೊನ್ನು ಅವರದ್ದೇ ಎಂದು ತಿಳಿದರೆ ಆ ಕಾಲ ಹೆಚ್ಚು ಸರಿಯಾಗಿ ಅರ್ಥವಾಗುತ್ತದೆ.

ಕಾಮದೇವನ ಕಾಲದ ಹಾನಗಲ್ಲು ಎಂಥದೆಂದು ಅಲ್ಲಿಯ ವೀರಗಲ್ಲು ಹೇಳುತ್ತದೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಆನೆಕೆರೆಯ ಬಳಿ ಬೀಡುಬಿಟ್ಟು ಕೋಟೆಗೆ ಮುತ್ತಿಗೆ ಹಾಕಿದ. ಕದಂಬರ ದಳಪತಿ ಸೋಹಣಿ, ಅವನ ಮಗ ಪದ್ಮಲೆಯ ಎದುರು ನಿಂತು ಕಾದಿದರು; ಸೋಹಣಿ ಬಿದ್ದ. ಆ ಸಲ ಹೊಯ್ಸಳರು ಹಿಂದೆ ಸರಿದರು. ಅಲ್ಲಿಂದಾಚೆಗೆ ಈ ನೆಲದಲ್ಲಿ ಹೊಯ್ಸಳರು, ಸೇವುಣರು, ಕದಂಬರು ಮೂವರದೂ ಎಳೆದಾಟ.

ಹೊಯ್ಸಳರು ಬಿರುದನ್ನೇ ಬಳಸಿದರೂ ಗುರುತಿಸಲು ಸುಲಭವಾದ ಬಿರುದು ಆರಿಸಿದರು. ‘ತಲಕಾಡುಗೊಂಡ’, ‘ನೊಣಂಬವಾಡಿಗೊಂಡ’ ಎಂಬ ಅಕ್ಷರಗಳು ವಿಷ್ಣುವರ್ಧನನ ಗೆಲುವುಗಳಿಗೆ ನೇರವಾಗಿ ಕೊಂಡಿ ಹಾಕುತ್ತವೆ. ಗೋವೆಯ ಕದಂಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾಣ್ಯದ ಮೇಲೆ ಅರಸನ ಹೆಸರು, ಕುಲದೈವ ಸಪ್ತಕೋಟೀಶ್ವರನ ಹೆಸರು, ಜೊತೆಗೆ ಸಂವತ್ಸರದ ಹೆಸರನ್ನೂ ಹಾಕಿದರು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ, ನಿಜ. ಅರಸನ ಹೆಸರೂ ಇರುವಾಗ ತಪ್ಪುವ ಸಂಭವ ಕಡಿಮೆ. ಹಾನಗಲ್ಲಿನವರು ತಮ್ಮ ದಾಯಾದಿಗಳ ಈ ಕ್ರಮವನ್ನು ಅನುಸರಿಸಿದ್ದರೆ ಇಂದಿನ ಅರ್ಧ ವಿವಾದ ಇರುತ್ತಿರಲಿಲ್ಲ.

ದೇವಗಿರಿಯ ಸೇವುಣರ ಪದ್ಮಟಂಕಗಳಲ್ಲಿ ನಡುವೆ ತಾವರೆ, ಅಂಚಿನಲ್ಲಿ ಸಿಂಘಣ, ಕನ್ಹರ, ಮಹಾದೇವ, ರಾಮ ಮುಂತಾದ ಹೆಸರುಗಳ ಮುದ್ರೆ. ದೆಹಲಿಯ ಟಂಕಸಾಲೆಯಲ್ಲಿ ಕೆಲಸ ಮಾಡಿದ ಠಕ್ಕುರ ಫೇರು 1318ರಲ್ಲಿ ಬರೆದ ‘ದ್ರವ್ಯಪರೀಕ್ಷಾ’ ದೇವಗಿರಿಯ ನಾಣ್ಯಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಈ ವಂಶದಲ್ಲಿ ಮಹಾದೇವನ ಮಗ ಅಮ್ಮಣ 1270–71ರಲ್ಲಿ ಕೆಲವು ತಿಂಗಳು ಅರಸನಾಗಿದ್ದು ದಾಯಾದಿ ರಾಮಚಂದ್ರನ ಕೈಯಲ್ಲಿ ಪದಚ್ಯುತನಾದ. ತಾವರೆ ಎಲ್ಲರದೂ ಒಂದೇ ಆದ್ದರಿಂದ, ನಿಧಿಯಲ್ಲಿ ಸಿಕ್ಕ ಪದ್ಮಟಂಕಗಳನ್ನು ರಾಮಚಂದ್ರನವೆಂದು ರಾಶಿ ಹಾಕುವ ಮೊದಲು ಪ್ರತಿಯೊಂದರ ಅಂಚನ್ನೂ ಭೂತಗನ್ನಡಿಯಲ್ಲಿ ನೋಡಬೇಕು. ಅಮ್ಮಣನಂಥವನು ಉಳಿದಿದ್ದರೆ ಅಲ್ಲಿ, ಆ ಅಂಚಿನ ಎರಡು ಮೂರು ಅಕ್ಷರಗಳಲ್ಲಿ ಮಾತ್ರ.

ಬಂಕಾಪುರ: ನಾಣ್ಯವಿಲ್ಲದ ಸಾಮ್ರಾಜ್ಯ

ಶಿಗ್ಗಾಂವಿ ತಾಲೂಕಿನ ಬಂಕಾಪುರ ರಾಷ್ಟ್ರಕೂಟರ ದಂಡನಾಯಕ ಬಂಕೆಯನ ಹೆಸರಿನ ಊರು. ಅವನ ಮಗ ಲೋಕಾದಿತ್ಯ ಇಲ್ಲಿಂದ ಆಳುತ್ತಿದ್ದಾಗ, ಶಕ 820ರಲ್ಲಿ, ಗುಣಭದ್ರನ ಉತ್ತರಪುರಾಣಕ್ಕೆ ಪೂಜೆ ಸಂದಿತು. ಗಂಗರ ಮಾರಸಿಂಹ 974ರ ಸುಮಾರಿಗೆ ಇಲ್ಲಿಯೇ ಅಜಿತಸೇನ ಮುನಿಗಳ ಸನ್ನಿಧಿಯಲ್ಲಿ ಸಲ್ಲೇಖನ ಮಾಡಿದ. ಮುರಿದುಬಿದ್ದ ರಾಷ್ಟ್ರಕೂಟ ಗದ್ದುಗೆಯ ಮೇಲೆ ಇಂದ್ರ ಎಂಬ ರಾಜಕುಮಾರನನ್ನು ಕೂರಿಸಲು ಹೆಣಗಿದವನು ಈ ಮಾರಸಿಂಹನೇ. ಆ ನಾಲ್ಕನೆಯ ಇಂದ್ರ ಅರಸನಾಗಿ ನೆಲೆಗೊಳ್ಳಲಿಲ್ಲ. 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ಕಣ್ಣುಮುಚ್ಚಿದ. ಅವನ ಮುಂಚಿನ ಎರಡನೆಯ ಕರ್ಕ ಒಂದೇ ವರ್ಷದ ಹೊತ್ತಿಗೆ 973ರಲ್ಲಿ ಚಾಲುಕ್ಯ ಎರಡನೆಯ ತೈಲಪನಿಗೆ ಸೋತ. ಇನ್ನೂ ಹಿಂದೆ ಎರಡನೆಯ ಅಮೋಘವರ್ಷನದೂ ಸುಮಾರು ಒಂದು ವರ್ಷದ ಆಳ್ವಿಕೆ.

ಇವರ ನಾಣ್ಯ ಸಿಕ್ಕಿಲ್ಲವೆಂದು ಆಳ್ವಿಕೆಯ ಚಿಕ್ಕತನವನ್ನು ದೂರಲಾಗದು, ಏಕೆಂದರೆ ಅರವತ್ತು ವರ್ಷಕ್ಕೂ ಹೆಚ್ಚು ಆಳಿದ ಅಮೋಘವರ್ಷ ನೃಪತುಂಗನದೇ ಎಂದು ಎಲ್ಲರೂ ಒಪ್ಪುವ ಹೊನ್ನೂ ನಮ್ಮ ಮುಂದಿಲ್ಲ. ರಾಷ್ಟ್ರಕೂಟ ಶಾಸನಗಳಲ್ಲಿ ದ್ರಮ್ಮ, ಸುವರ್ಣ, ಗದ್ಯಾಣಗಳ ಲೆಕ್ಕ ಧಾರಾಳವಾಗಿದೆ. ನಾಣ್ಯ ಮಾತ್ರ ಕಾಣದು.

ಈ ಕೊರತೆಯನ್ನು ತುಂಬುವ ಆತುರದಲ್ಲಿ ನಡೆದ ಒಂದು ತಪ್ಪನ್ನು ನೆನೆಯಬೇಕು. ನಾಸಿಕದ ಸುತ್ತ ‘ಕೃಷ್ಣರಾಜ’ ಎಂಬ ಹೆಸರಿನ ಸಣ್ಣ ಬೆಳ್ಳಿಯ ನಾಣ್ಯಗಳು ಹೇರಳವಾಗಿ ಸಿಕ್ಕವು. ಎಲ್ಲೋರದ ಕೈಲಾಸ ಕಟ್ಟಿಸಿದ ರಾಷ್ಟ್ರಕೂಟ ಒಂದನೆಯ ಕೃಷ್ಣನದೇ ಇವು ಎಂದು ಕೆಲಕಾಲ ನಂಬಿದ್ದರು. ಆದರೆ ಭೋಗಶಕ್ತಿ ಎಂಬ ಅರಸನ ಅಂಜನೇರಿ ತಾಮ್ರಪಟದಲ್ಲಿ ‘ಕೃಷ್ಣರಾಜ ರೂಪಕ’ ಎಂಬ ನಾಣ್ಯದ ಮಾತು ಬರುತ್ತದೆ. ಆ ತಾಮ್ರಪಟ ಸುಮಾರು 710ನೆಯ ಇಸವಿಯದು. ರಾಷ್ಟ್ರಕೂಟ ಕೃಷ್ಣ ಪಟ್ಟಕ್ಕೆ ಬಂದದ್ದು ಅದಾಗಿ ನಾಲ್ಕು ದಶಕಗಳ ಮೇಲೆ. ಇನ್ನೂ ಪಟ್ಟಕ್ಕೆ ಬಾರದ ಅರಸನ ಹೆಸರಿನ ನಾಣ್ಯ ಸಂತೆಯಲ್ಲಿ ಓಡಾಡಲು ಸಾಧ್ಯವೇ? ಅವು ಆರನೆಯ ಶತಮಾನದ ಇನ್ನೊಂದು ಕಲಚುರಿ ವಂಶದ ಕೃಷ್ಣರಾಜನವು ಎಂದು ಇಂದು ಒಪ್ಪಿದ್ದಾರೆ. ಒಂದು ತಾಮ್ರಪಟದ ಒಂದು ಪದ, ರಾಶಿಗಟ್ಟಲೆ ನಾಣ್ಯಗಳ ಹಣೆಪಟ್ಟಿಯನ್ನೇ ಬದಲಿಸಿತು. ನಾಣ್ಯಶಾಸ್ತ್ರ ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಮೊದಲ ಪಾಠವಾಗಿ ಹೇಳಬೇಕಾದ ಪ್ರಸಂಗವಿದು.

ಖುತ್ಬಾ ಮತ್ತು ಸಿಕ್ಕಾ

ಸುಲ್ತಾನರ ನಾಣ್ಯಗಳಲ್ಲಿ ರೀತಿ ಪೂರ್ತಿ ಬೇರೆ. ಶುಕ್ರವಾರದ ಪ್ರಾರ್ಥನೆಯಲ್ಲಿ ತನ್ನ ಹೆಸರಿನ ಖುತ್ಬಾ ಓದಿಸುವುದು, ತನ್ನ ಹೆಸರಿನ ಸಿಕ್ಕಾ ಹೊಡೆಸುವುದು, ಇವೆರಡೇ ಅಲ್ಲಿ ಅರಸುತನದ ಸಾಕ್ಷಿ. ಹಾಗಾಗಿ ಗದ್ದುಗೆ ಹತ್ತಿದವನು ಮೊದಲ ವಾರದಲ್ಲೇ ಟಂಕಸಾಲೆಗೆ ಆಳು ಕಳಿಸುತ್ತಿದ್ದ. 1320ರಲ್ಲಿ ದೆಹಲಿಯಲ್ಲಿ ಕೆಲವೇ ತಿಂಗಳು ಆಳಿದ ಖುಸ್ರೋಖಾನ ಕೂಡ ನಾಣ್ಯ ಬಿಟ್ಟುಹೋಗಿದ್ದಾನೆ. ಹೆಸರು, ಬಿರುದು, ಹಿಜರಿ ವರ್ಷ, ಕೆಲವೊಮ್ಮೆ ಟಂಕಸಾಲೆಯ ಊರು: ಎಲ್ಲವೂ ನಾಣ್ಯದ ಮೇಲೆಯೇ. ಇಂಥ ನಾಣ್ಯ ಅಪರೂಪವಾಗಿರಬಹುದು, ಆದರೆ ಸಿಕ್ಕರೆ ಅದು ಯಾರದೆಂದು ತಾನೇ ಹೇಳುತ್ತದೆ.

ಬಂಕಾಪುರ ಬಹಮನಿ ಸುಲ್ತಾನರ ಕಣ್ಣಿದ್ದ ಕೋಟೆ. ಫಿರೋಜಶಹ ವಿಜಯನಗರದ ದೇವರಾಯನ ಮಗಳನ್ನು ಮದುವೆಯಾದಾಗ ಬಂಕಾಪುರವೇ ಬಳುವಳಿಯಾಗಿ ಹೋಯಿತೆಂದು ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ. ಆ ಫಿರೋಜ ಪಟ್ಟಕ್ಕೆ ಬಂದ 1397ನೆಯ ಇಸವಿ ಬಹಮನಿ ರಾಜಧಾನಿ ಗುಲ್ಬರ್ಗಕ್ಕೆ ಕೆಟ್ಟ ವರ್ಷ. ಏಪ್ರಿಲ್‌ನಲ್ಲಿ ಸುಲ್ತಾನ ಮುಹಮ್ಮದ ತೀರಿಕೊಂಡ. ಹರೆಯದ ಗಿಯಾಸುದ್ದೀನ್ ಸುಲ್ತಾನನಾಗಿ ಎರಡು ತಿಂಗಳೂ ಕಳೆಯಲಿಲ್ಲ. ತಘಲಚೀನನೆಂಬ ಸರದಾರ ಅವನ ಕಣ್ಣು ಕೀಳಿಸಿದ. ಅವನ ತಮ್ಮ ಶಮ್ಸುದ್ದೀನನನ್ನು ಕೂರಿಸಿದರು. ನವೆಂಬರಿನಲ್ಲಿ ಫಿರೋಜ ಅವನನ್ನೂ ಇಳಿಸಿದ. ಹಿಜರಿ 799 ಎಂಬ ಒಂದೇ ವರ್ಷದೊಳಗೆ ಮೂವರು ಸುಲ್ತಾನರು. ನಾಣ್ಯದ ಮೇಲೆ ವರ್ಷ ಇದ್ದು ಹೆಸರು ಸವೆದಿದ್ದರೆ ಅದು ಮೂವರಲ್ಲಿ ಯಾರದೂ ಆಗಬಹುದು. ಹೆಸರು ಉಳಿದಿದ್ದರೆ ಒಂದೂವರೆ ತಿಂಗಳಿನ ಸುಲ್ತಾನನೂ ಐವತ್ತು ವರ್ಷದ ವಿಕ್ರಮಾದಿತ್ಯನಿಗಿಂತ ಸ್ಪಷ್ಟವಾಗಿ ನಮ್ಮೆದುರು ನಿಲ್ಲುತ್ತಾನೆ.

ಮೇಲೆ ಹೇಳಿದ ಮುಹಮ್ಮದನ ಹೆಸರಿನ ವಿಷಯವೂ ನಾಣ್ಯದಿಂದಲೇ ತೀರ್ಮಾನವಾದದ್ದು. ಫರಿಶ್ತಾ ಅವನನ್ನು ಮಹಮೂದ ಎಂದು ಬರೆದ. ಮುಂದಿನವರು ಅದನ್ನೇ ಹಿಡಿದು ಸಾಗಿದರು. ನಾಣ್ಯ, ಶಾಸನ ಎರಡರಲ್ಲೂ ಇರುವುದು ಮುಹಮ್ಮದ. ಇಪ್ಪತ್ತು ವರ್ಷ ಆಳಿದ ಅರಸನ ಹೆಸರನ್ನೇ ಗ್ರಂಥ ತಪ್ಪಿಸಿತ್ತು, ಬೆರಳಗಲದ ಬೆಳ್ಳಿ ತಿದ್ದಿತು. ಬೀದರಿನಲ್ಲಿ ಬರೀದರ ಕೈಗೊಂಬೆಗಳಾಗಿದ್ದ ಕೊನೆಯ ಸುಲ್ತಾನರಾದ ವಲೀಉಲ್ಲಾ, ಕಲೀಮುಲ್ಲಾ ಹೆಸರಿನಲ್ಲೂ ತಾಮ್ರದ ನಾಣ್ಯಗಳಿವೆ. ಅಧಿಕಾರ ಇರಲಿಲ್ಲ, ಸಿಕ್ಕಾ ಇತ್ತು.

ವಿಜಯನಗರದಲ್ಲಿ ಎರಡೂ ರೀತಿ ಕೂಡಿವೆ. ಆರಂಭದ ಅರಸರ ಹೊನ್ನಿನ ಮೇಲೆ ಹನುಮಂತ, ಗರುಡ ಇದ್ದಾರೆ. ಹನುಮಂತನನ್ನು ಕಂಡಾಗ ಹಾನಗಲ್ಲಿನ ನೆನಪಾಗದಿರದು. ವರಹದ ತೂಕ ಸುಮಾರು 3.4 ಗ್ರಾಂ. ಹೆಸರು ಬರೆದರೂ ಎಷ್ಟನೆಯವನು ಎಂದು ಬರೆಯುವ ರೂಢಿ ಇಲ್ಲದ್ದರಿಂದ ‘ಪ್ರತಾಪ ದೇವರಾಯ’ ಎಂಬುದು ಒಂದನೆಯ ದೇವರಾಯನೋ ಎರಡನೆಯವನೋ ಎಂಬ ಚರ್ಚೆ ಉಳಿದಿದೆ. ಈ ಇಬ್ಬರ ನಡುವೆ 1422ರಲ್ಲಿ ಕೆಲವು ತಿಂಗಳು ರಾಮಚಂದ್ರರಾಯ, ಅವನ ಹಿಂದೆ ವಿಜಯರಾಯ ಆಳಿದರು.

ಸಂಗ್ರಹ, ಹಣೆಪಟ್ಟಿ, ನಿಧಿ

ಈ ಭಾಗದ ನಾಣ್ಯಗಳನ್ನು ಮೊದಲು ಕೂಡಿಸಿ ಓದಿದವರಲ್ಲಿ ಸರ್ ವಾಲ್ಟರ್ ಎಲಿಯಟ್ ಹೆಸರು ಮುಂಚೂಣಿಯದು. 1824ರಲ್ಲಿ ಕಿತ್ತೂರಿನ ಕದನದಲ್ಲಿ ಚನ್ನಮ್ಮನ ಕೈಗೆ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಅವರೊಬ್ಬರು. ಆಮೇಲೆ ಧಾರವಾಡ ಸೀಮೆಯಲ್ಲಿ ಇದ್ದಾಗ ನೂರಾರು ಶಾಸನಗಳ ಪ್ರತಿ ತೆಗೆಸಿದರು, ಹೊನ್ನು ಕೂಡಿಸಿದರು. ದಕ್ಷಿಣ ಭಾರತದ ನಾಣ್ಯಗಳ ಬಗೆಗಿನ ಅವರ ಪುಸ್ತಕ ಹೊರಬಂದಾಗ ಅವರ ಕಣ್ಣು ಹೋಗಿತ್ತು, 1887ರಲ್ಲಿ ತೀರಿಕೊಂಡರು. ನಮ್ಮ ಕಾಲದಲ್ಲಿ ಎ. ವಿ. ನರಸಿಂಹಮೂರ್ತಿಯವರ 1975ರ ಗ್ರಂಥ ಕರ್ನಾಟಕದ ನಾಣ್ಯಗಳಿಗೆ ಒಂದು ಕ್ರಮ ತಂದುಕೊಟ್ಟಿತು.

ಈ ಹಿರಿಯರ ಶ್ರಮಕ್ಕೆ ಪೆಟ್ಟು ಬೀಳುವುದು ಎರಡು ಕಡೆಯಿಂದ. ಒಂದು, ರಾಮಟಂಕಗಳು. ರಾಮನ ಪಟ್ಟಾಭಿಷೇಕ, ಹನುಮಂತ ಇರುವ, ಬಟ್ಟಲಿನಂತೆ ಬಾಗಿದ ಈ ಬಿಲ್ಲೆಗಳನ್ನು ದೇವರ ಜಗಲಿಯ ಮೇಲಿಟ್ಟು ಪೂಜಿಸುತ್ತಾರೆ. ಅವು ಭಕ್ತಿಯ ವಸ್ತುಗಳು, ಚಲಾವಣೆಯ ನಾಣ್ಯಗಳಲ್ಲ. ಹನುಮಂತನನ್ನು ಕಂಡ ಕೂಡಲೆ ಹಾನಗಲ್ಲಿನ ಹೊನ್ನೆಂದು ಹೇಳುವವರು ಮೋಸಹೋಗುವುದು ಇಲ್ಲಿಯೇ. ಹಾಗೆಯೇ ಸವಣೂರಿನ ನವಾಬರ ಹೊನ್ನುಗಳು 18ನೆಯ ಶತಮಾನದವು. ಮಧ್ಯಯುಗದ ಲೆಕ್ಕಕ್ಕೆ ಸೇರಿಸಬಾರದು.

ಎರಡನೆಯದು ಇನ್ನೂ ನೋವಿನದು. ಹೊಲ ಉಳುವಾಗ, ಹಳೆಯ ಮನೆಯ ಬುನಾದಿ ತೋಡುವಾಗ ಸಿಕ್ಕ ಹೊನ್ನು ಸದ್ದಿಲ್ಲದೆ ಪತ್ತಾರರ ಕುಲುಮೆ ಸೇರುತ್ತದೆ, ಇಲ್ಲವೇ ಕೊಂಡಿ ಬೆಸೆದುಕೊಂಡು ಕೊರಳಿನ ಸರವಾಗುತ್ತದೆ. ನಿಧಿ ಸಿಕ್ಕರೆ ಸರಕಾರಕ್ಕೆ ತಿಳಿಸಬೇಕೆಂದು 1878ರಿಂದಲೂ ಕಾನೂನು ಇದೆ. ಕರ್ನಾಟಕಕ್ಕೆ 1962ರ ತನ್ನದೇ ಕಾಯಿದೆ ಇದೆ. ಒಂದು ಅಲ್ಪಕಾಲದ ಅರಸನ ಗುರುತಿಗೆ ಬಿಡಿ ನಾಣ್ಯಕ್ಕಿಂತ ಇಡೀ ಗಡಿಗೆ ಮುಖ್ಯ: ಯಾವ ಹೊನ್ನಿನ ಜೊತೆ ಯಾವುದು ಇತ್ತು, ಯಾವುದು ಸವೆದಿತ್ತು, ಯಾವುದು ಹೊಸದಾಗಿತ್ತು ಎಂಬುದರಿಂದಲೇ ಹೆಸರಿಲ್ಲದ ನಾಣ್ಯಕ್ಕೂ ಕಾಲ ಹೇಳಬಹುದು. ಗಡಿಗೆಯ ಹೊನ್ನು ಹಂಚಿಹೋದ ದಿನವೇ ಆ ದಾರಿ ಮುಚ್ಚಿತು.

ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಇಂಥದೊಂದು ನಿಧಿಯ ಮಾತು ಮನೆಮನೆಯಲ್ಲೂ ಇದೆ. ತಿಮ್ಮಪ್ಪನಾಯಕನೆಂಬ ದಣ್ಣಾಯಕನಿಗೆ ನೆಲ ಅಗೆಯುವಾಗ ಕೊಪ್ಪರಿಗೆ ಹೊನ್ನು ಸಿಕ್ಕಿತಂತೆ. ಅದರಿಂದಲೇ ಅವನು ಕನಕನಾಯಕ, ಮುಂದೆ ಕನಕದಾಸ. ಆ ಕೊಪ್ಪರಿಗೆಯಲ್ಲಿ ಹನುಮಂತನಿದ್ದನೋ, ತಾವರೆಯಿತ್ತೋ, ವರಹಗಳೇ ಇದ್ದವೋ ಐತಿಹ್ಯ ಹೇಳುವುದಿಲ್ಲ. ಹೊನ್ನೆಲ್ಲ ಕಾಗಿನೆಲೆಯ ಆದಿಕೇಶವನ ಗುಡಿಗೆ ಸಂದಿತು ಎಂದಷ್ಟೇ ಹೇಳುತ್ತದೆ.